ನೆಂಟರಿಗೆ ಇಟ್ಟ ಕೌದಿ

ಚಳಿಗಾಲ ಬರುವ ಮೊದಲೇ ಮುದುಕಿ ಗುರವ್ವ ಹಳೆ ಸೀರೆಗಳನ್ನು ಸೇರಿಸಿ ದಪ್ಪನೆಯ ಕೌದಿ ಹೊಲಿದಳು. ಚೆಂದ ಬಂತೆಂದು ಅದನ್ನು ನೆಂಟರಿಗಾಗಿ ಟ್ರಂಕಿನಲ್ಲಿಟ್ಟು, ತಾನು ಗೋಣಿತಟ್ಟು ಹೊದ್ದಳು.

ಆ ಸಲ ಎಂದೂ ಕಾಣದ ಚಳಿ ಬಿತ್ತು. ಗೋಣಿತಟ್ಟು ಟ್ರಂಕಿನ ಕಡೆಗೆ ಕೂಗಿತು: "ಕೌದಿಯೇ, ನನ್ನ ಮೈಯೆಲ್ಲ ತೂತು. ನಿನ್ನನ್ನು ಹೊಲಿದವಳೇ ನಡುಗುತ್ತಿದ್ದಾಳೆ. ಹೊರಗೆ ಬಾ."

"ಮನೆಯವರು ಹೊದ್ದರೆ ನಾನು ಮಾಸುತ್ತೇನೆ," ಎಂದಿತು ಕೌದಿ. "ನನ್ನನ್ನು ನೆಂಟರಿಗೆಂದು ಇಟ್ಟವಳೂ ಅವಳೇ. ನೆಂಟರು ಬರಲಿ, ಬರುತ್ತೇನೆ."

ಮರುದಿನವೇ ಮನೆ ತುಂಬ ನೆಂಟರು ಬಂದರು. ಗುರವ್ವನ ಮಣ್ಣಿಗೆ ಬಂದವರು. ಸೊಸೆ ಅಳುತ್ತಲೇ ಟ್ರಂಕು ತೆಗೆದು ಕೌದಿ ಹಾಸಿದಳು. ಕುಳಿತವರೊಬ್ಬರು ಅದರ ಹೊಲಿಗೆ ಸವರಿ ಹೇಳಿದರು: "ಎಷ್ಟು ಬೆಚ್ಚಗೈತಿ ನೋಡ್ರಿ. ಮುದುಕಿ ತನಗೂ ಒಂದು ಹೊಲ್ಕೋಬೇಕಿತ್ತು."