ಕರೆತಂದವನೇ ಕಟ್ಟಬೇಕು

ಬೆಳಗ್ಗೆ ಹನ್ನೊಂದು ಗಂಟೆ. ಮೋಡ ಕವಿದಿತ್ತು, ಗಾಳಿ ಇರಲಿಲ್ಲ. ಧರ್ಮಾಸ್ಪತ್ರೆಯ ಸಭೆಯಲ್ಲಿ ಹಾಜರಿದ್ದವರು ಅಧ್ಯಕ್ಷ ನಂಜುಂಡಾರಾಧ್ಯರು, ಡಾಕ್ಟರ್ ಸುಲೋಚನಾ, ಮತ್ತು ಕುರ್ಚಿಗೆ ಅರ್ಹನಲ್ಲವೆಂದು ನಿಲ್ಲಿಸಲಾಗಿದ್ದ ಒಬ್ಬ ಆಟೋ ಚಾಲಕ.

ಹಿಂದಿನ ಸಂಜೆ, ಕಾಲು ಮುರಿದುಕೊಂಡಿದ್ದ ಹೂ ಮಾರುವ ಚಿಕ್ಕತಾಯಮ್ಮನನ್ನು ಅವನು ಆಸ್ಪತ್ರೆಗೆ ಕರೆತಂದಿದ್ದ. ಆಕೆಗೆ ಹಿಂದೆಮುಂದೆ ಯಾರೂ ಇರಲಿಲ್ಲ. ಆದಕಾರಣ ಆಸ್ಪತ್ರೆಯವರು ಅವನ ಹೊಟ್ಟೆಪಾಡಿನ ಆಟೋವನ್ನೇ ಹಿಡಿದಿಟ್ಟುಕೊಂಡಿದ್ದರು.

ತುರ್ತು ಚಿಕಿತ್ಸೆಯ ವೆಚ್ಚ ಯಾರದೆಂಬ ಗಹನವಾದ ಪ್ರಶ್ನೆಯನ್ನು ಅಧ್ಯಕ್ಷರು ಒಂದು ಲೋಟ ಬಾದಾಮಿ ಹಾಲು ಮುಗಿಯುವುದರೊಳಗೆ ಬಗೆಹರಿಸಿದರು.

"ಕರೆತಂದವನೇ ಕಟ್ಟಬೇಕು. ನಮ್ಮ ಆಸ್ಪತ್ರೆಗೆ ಇದೇ ಸುಧಾರಣೆ. ದುಡ್ಡು ಕಟ್ಟು, ಆಟೋ ಬಿಡಿಸಿಕೊ."

ಚಾಲಕ ಕೈಮುಗಿದ. "ಕರೆತಂದದ್ದು ನನ್ನ ತಪ್ಪು, ಸ್ವಾಮಿ. ಎಲ್ಲಿಂದ ತಂದೆನೋ ಅಲ್ಲಿಯೇ ವಾಪಸು ಬಿಟ್ಟುಬರುತ್ತೇನೆ. ಆಮೇಲೆ ನಾನು ಕರೆತಂದವನೇ ಅಲ್ಲವಲ್ಲ."

"ಧಾರಾಳವಾಗಿ ಬಿಡು."

"ಹಾಗಾದರೆ ತಮ್ಮ ಮನೆಯ ಅಮ್ಮಾವರಿಗೆ ಒಂದು ಫೋನ್ ಮಾಡಿಬಿಡಿ. ಮನೆಯ ಗೇಟಿನ ಮುಂದೆ ನಲ್ಲಿಗೆಂದು ತಾವು ತೋಡಿಸಿ, ಮುಚ್ಚದೆ ಬಿಟ್ಟ ಗುಂಡಿಯಿದೆಯಲ್ಲ, ಆಕೆ ಬಿದ್ದಿದ್ದು ಅದರಲ್ಲೇ. ಮುರಿದ ಕಾಲು, ನಿಧಾನವಾಗಿ ಇಳಿಸಬೇಕು. ಬೀದಿಯವರು ಕೇಳಿದರೆ ಅಧ್ಯಕ್ಷರ ಅಪ್ಪಣೆ ಎನ್ನುತ್ತೇನೆ."

ಅಧ್ಯಕ್ಷರು ಶಲ್ಯವನ್ನು ಸರಿಪಡಿಸಿಕೊಂಡರು. ಸರಿಯಾಗಿಯೇ ಇದ್ದ ಶಲ್ಯವನ್ನು ಮತ್ತೊಮ್ಮೆ ಸರಿಪಡಿಸಿಕೊಂಡರು.

"ಸ್ಟ್ರೆಚರ್ ಬೇಕಾದರೆ ಒಯ್ಯಪ್ಪ," ಎಂದರು ಡಾಕ್ಟರ್, ಕಿಟಕಿಯಾಚೆಯ ಮೋಡವನ್ನು ನೋಡುತ್ತ.

"ಬೇಡ, ಬೇಡ. ಆಕೆ ಇಲ್ಲಿಯೇ ಇರಲಿ. ಇವನ ಆಟೋ ಕೊಟ್ಟುಬಿಡಿ," ಎಂದರು ಅಧ್ಯಕ್ಷರು. ಪರರ ದುಡ್ಡಿನಲ್ಲಿ ಉದಾರಿಯಾಗುವುದು ಅವರಿಗೆ ಮೊದಲಿನಿಂದಲೂ ಸುಲಭ. "ತುರ್ತು ಚಿಕಿತ್ಸೆಯ ಖರ್ಚೆಲ್ಲ ಇನ್ನು ಆಸ್ಪತ್ರೆಯದು."

ಡಾಕ್ಟರ್ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದರು:

"ಮುಂದಿನದೆಲ್ಲ ಆಸ್ಪತ್ರೆಯದು. ಈ ಸಲದ್ದು ಮಾತ್ರ ಗುಂಡಿಯ ಯಜಮಾನರದು."