ಒದ್ದೆಯ ಹತ್ತಿರ ಇರುವೆ ಸಾಲುಗಟ್ಟುವುದೇಕೆ

ಕಲ್ಲು ಇನ್ನೂ ಗಟ್ಟಿಯಾಗಿರಲಿಲ್ಲ, ಗಾಳಿ ಇನ್ನೂ ದಿಕ್ಕು ಕಲಿತಿರಲಿಲ್ಲ. ಆಗ ಒಂದು ಚಳಿಬೆಟ್ಟದ ಪೊಟರೆಯಲ್ಲಿ ಬೂದವ್ವ ಎಂಬ ಚಿಂಚಿಲ್ಲಾ ಇದ್ದಳು. ಇಲಿಗಿಂತ ದೊಡ್ಡವಳು, ಮೊಲಕ್ಕಿಂತ ಚಿಕ್ಕವಳು, ಮೈತುಂಬ ಬೂದಿಬಣ್ಣದ ನುಣುಪು ಕೂದಲು.

ಅವಳಿಗೆ ಒಬ್ಬನೇ ಮಗ, ತುಪ್ಪಳ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ಇವನಂತೂ ನೋಡಿದವರಿಗೆಲ್ಲ ಮುದ್ದು. ಬೆಟ್ಟದವರೆಲ್ಲ ಒಣಹುಲ್ಲು ತಿಂದರೆ ಇವನು ಹುಲ್ಲು ಕಂಡೊಡನೆ ಮೂತಿ ತಿರುಗಿಸುತ್ತಿದ್ದ. ಬೂದವ್ವ ಬೆಟ್ಟ ಇಳಿದು ಒಣದ್ರಾಕ್ಷಿ ಹೊತ್ತು ತರುತ್ತಿದ್ದಳು. ಅತ್ತರೆ ಒಂದು ದ್ರಾಕ್ಷಿ, ನಕ್ಕರೆ ಒಂದು ದ್ರಾಕ್ಷಿ.

ಒಂದು ದಿನ ಒರತೆ ಹೇಳಿತು, “ಬೂದವ್ವಾ, ನಿನ್ನ ಮಗ ಬೆಳಗಿಂದ ಏಳು ಸಲ ನೀರು ಕುಡಿದು ಹೋದ ಕಣೇ.”

“ಬೆಳೆಯೋ ಹುಡುಗ, ಕುಡೀಲಿ ಬಿಡು,” ಅಂದಳು ಬೂದವ್ವ.

ಮರುವಾರ ಗಾಳಿ ಹೇಳಿತು, “ಬೂದವ್ವಾ, ಮೊನ್ನೆ ತನಕ ನೂಕಿದರೂ ಅಲ್ಲಾಡದವನು ಇವತ್ತು ಊದಿದರೇ ವಾಲ್ತಾನಲ್ಲೇ!”

ಬೂದವ್ವ ಓಡಿಬಂದು ಮಗನ ಪಕ್ಕೆ ಸವರಿ ನೋಡಿದಳು. ಮಗ ಸೊರಗಿದ್ದಾನೆ! ಸೊರಗಿದವನಿಗೆ ತಿನ್ನಿಸಬೇಕಲ್ಲವೇ? ಅಂದಿನಿಂದ ಅತ್ತರೆ ಎರಡು ದ್ರಾಕ್ಷಿ, ನಕ್ಕರೆ ಎರಡು ದ್ರಾಕ್ಷಿ.

ಮೂರನೇ ವಾರ ತುಪ್ಪಳ ಅಳಲೂ ಇಲ್ಲ, ನಗಲೂ ಇಲ್ಲ. ಮೂಲೆಯಲ್ಲಿ ಮುದುರಿ ಮಲಗಿದ. ಮಲಗಿದಲ್ಲೇ ಒದ್ದೆ ಮಾಡಿಕೊಂಡ. ಕಲ್ಲಿನ ಸಂದಿಯಿಂದ ಇರುವೆಗಳ ಸಾಲೊಂದು ಹೊರಟು ಸೀದಾ ಅವನ ಕಡೆಗೇ ಬಂತು.

ಇರುವೆ ಮುತ್ತುವುದು ಸತ್ತವರಿಗೆ ಎಂದು ಬೂದವ್ವ ಕೇಳಿದ್ದಳು. “ನನ್ನ ಮಗ ಇನ್ನೂ ಉಸಿರಾಡ್ತಿದ್ದಾನೆ! ತೊಲಗಿ!” ಎಂದು ಬಾಲದಿಂದ ಗುಡಿಸಿದಳು. ಸಾಲು ಮತ್ತೆ ಬಂತು. ಮತ್ತೆ ಗುಡಿಸಿದಳು. ಮತ್ತೆ ಬಂತು.

ಕಾಲು ಮುರಿದ ಒಂದು ಮುದಿ ಇರುವೆ ಕುಂಟುತ್ತಾ ಮುಂದೆ ಬಂದು ಹೇಳಿತು, “ತಾಯೀ, ನಿನ್ನ ಮಗನ್ನ ನಾವು ಮುಟ್ಟಿಲ್ಲ, ನೋಡು. ಅವನ ಉಚ್ಚೆ ಸಿಹಿಯಾಗಿದೆ, ಅದಕ್ಕೆ ಬಂದ್ವಿ. ಇಷ್ಟು ಸಿಹಿ ಅವನ ಮೈಗೆ ಎಲ್ಲಿಂದ ಬಂತವ್ವಾ?”

ಬೂದವ್ವ ತನ್ನ ಅಂಗೈ ನೋಡಿಕೊಂಡಳು. ಅದರಲ್ಲಿ ಎರಡು ದ್ರಾಕ್ಷಿ ಇದ್ದವು. ಅವಳಿಗೆ ದುಃಖ ಉಕ್ಕಿ ಬಂತು.

ದ್ರಾಕ್ಷಿಯನ್ನೆಲ್ಲ ಕಣಿವೆಗೆ ಎಸೆದಳು. ಒಣಹುಲ್ಲು ಅಗಿದು ಮೆತ್ತಗೆ ಮಾಡಿ ಮಗನ ಬಾಯಿಗಿಟ್ಟಳು. ಅವನು ಉಗಿದ, ಅವಳು ಮತ್ತೆ ಇಟ್ಟಳು. ದಿನಾ ಬೆಳಗ್ಗೆ ಅವಳು ಮೊದಲು ನೋಡುತ್ತಿದ್ದದ್ದು ಇರುವೆ ಸಾಲನ್ನೇ. ದಪ್ಪ ಸಾಲು ತೆಳುವಾಯಿತು. ಹತ್ತಾಯಿತು, ಮೂರಾಯಿತು. ಒಂದು ಬೆಳಗ್ಗೆ ಒಂದೂ ಬರಲಿಲ್ಲ. ತುಪ್ಪಳ ಎದ್ದು ಕೂತು, “ಅವ್ವಾ, ಹುಲ್ಲು ಕೊಡೇ,” ಅಂದ.

ಬೂದವ್ವ ಇರುವೆಗೂಡಿನ ಬಾಯಿಗೆ ಹೋಗಿ ತಲೆ ಬಾಗಿಸಿದಳು. “ನನಗೆ ಕಣ್ಣಿದ್ದೂ ಕಾಣಲಿಲ್ಲ. ನನ್ನಂಥವರು ಇನ್ನೂ ಇರ್ತಾರೆ, ಅವರಿಗೂ ನೀವೇ ಹೇಳಬೇಕು. ಗುಡಿಸಿದರೂ ಬನ್ನಿ.”

“ಬರ್ತೀವವ್ವಾ,” ಅಂದವು ಇರುವೆಗಳು.

ಅದಕ್ಕೇ ಕಂದಾ, ನಿನ್ನ ಚಿಂಚಿಲ್ಲಾ ನೀರು ಕುಡಿದೂ ಕುಡಿದೂ ಸೊರಗಿ, ಅದು ಒದ್ದೆ ಮಾಡಿದಲ್ಲಿ ಇರುವೆಗಳು ಗುಡಿಸಿದಷ್ಟೂ ಮತ್ತೆ ಬರುತ್ತಿದ್ದರೆ, ಪೊರಕೆ ಕೆಳಗಿಟ್ಟು ಪ್ರಾಣಿವೈದ್ಯರ ಹತ್ತಿರ ಓಡು. ಇರುವೆಗಳು ಹೇಳಬೇಕಾದ್ದನ್ನು ಹೇಳಿಯಾಗಿದೆ.