ಬಿಲದ ಪಕ್ಷದ ಹೌದಪ್ಪಗಳು

ಬ್ರಿಟನ್ನಿನ ಒಂದು ಕಾಡಿನಲ್ಲಿ ಪ್ರಾಣಿಗಳದೇ ಸಂಸತ್ತು ಇತ್ತು. ಬಿಲದಲ್ಲಿರುವವರದು ಬಿಲದ ಪಕ್ಷ, ಮರದಲ್ಲಿರುವವರದು ಕೊಂಬೆಯ ಪಕ್ಷ. ಸಭೆ ಸೇರುತ್ತಿದ್ದುದು ಕೆಸರುಗುಂಡಿಯ ಪಕ್ಕದ ಓಕ್ ಮರದ ಕೆಳಗೆ. ಒಪ್ಪಿದವರು ಮರದ ಬಲಗಡೆ ಹೋಗಿ ನಿಲ್ಲಬೇಕು, ಒಪ್ಪದವರು ಎಡಗಡೆ. ತಮ್ಮ ನಾಯಕ ಮಾತಾಡುವಾಗ ಪಕ್ಷದವರೆಲ್ಲ "ಹೌದು! ಹೌದು!" ಎಂದು ಕೂಗಬೇಕು. ಅದು ಅಜ್ಜನ ಕಾಲದ ಪದ್ಧತಿ.

ಬಿಲದ ಪಕ್ಷಕ್ಕೆ ನರಿರಾಯ ನಾಯಕ. ಮೊಲಗಳ ಪಕ್ಷಕ್ಕೆ ನರಿ ಹೇಗೆ ನಾಯಕನಾದ ಎಂದು ಕೇಳಬೇಡಿ. ಅವನಿಗೂ ಒಂದು ಬಿಲ ಇತ್ತು, ಜೊತೆಗೆ ಮಾತು ಬರುತ್ತಿತ್ತು. ಅದೇ ಪಕ್ಷದಲ್ಲಿ ಚಿಗುರಮ್ಮ ಎಂಬ ಮೊಲವೂ ಇದ್ದಳು. ಪಾಪದ ಜೀವ.

ಆ ವಸಂತದಲ್ಲಿ ಆಫ್ರಿಕಾದಿಂದ ಕಡಲು ದಾಟಿ ಕವಲುಬಾಲದ ಹಕ್ಕಿಯೊಂದು ಬಂತು. ಚಿಗುರಮ್ಮನ ಬಿಲದ ಮೇಲಿನ ಬಂಡೆಗೆ ಮಣ್ಣು ಮೆತ್ತಿ ಗೂಡು ಕಟ್ಟಿತು. ಮರಿಗಳೂ ಆದವು. ಗಿಡುಗ ಕಂಡರೆ ಹಕ್ಕಿ ಕೂಗಿ ಮೊಲವನ್ನು ಎಚ್ಚರಿಸುತ್ತಿತ್ತು. ಇಬ್ಬರಿಗೂ ಒಳ್ಳೆಯ ಸ್ನೇಹ ಬೆಳೆಯಿತು.

ಮರಿಗಳನ್ನು ಕಂಡು ನರಿರಾಯನ ಬಾಯಲ್ಲಿ ನೀರೂರಿತು. ತಾಯಿಯನ್ನು ಓಡಿಸಿದರೆ ಮರಿಗಳು ತನ್ನ ಹೊಟ್ಟೆಗೆ! ಹಾಗೆಂದು ಬಾಯಿಬಿಟ್ಟು ಹೇಳುತ್ತಾನೆಯೇ? ಸಭೆ ಕರೆದ.

"ಪರದೇಶದ ಹಕ್ಕಿಗಳು ನಮ್ಮ ಹುಳಗಳನ್ನೆಲ್ಲ ತಿನ್ನುತ್ತಿವೆ! ಇವತ್ತೇ ಕಾಡು ಬಿಡಲಿ!"

"ಹೌದು! ಹೌದು!" ಜನ್ಮದಲ್ಲಿ ಹುಳ ಮುಟ್ಟದ ಮೊಲಗಳೂ ಕೂಗಿದವು.

"ಮರಿಗಳಿಗೆ ಇನ್ನೂ ರೆಕ್ಕೆ ಬಲಿತಿಲ್ಲ. ಬಿಟ್ಟು ಎಲ್ಲಿಗೆ ಹೋಗಲಿ?" ಎಂದು ಹಕ್ಕಿ ಅತ್ತಿತು.

ಚಿಗುರಮ್ಮನ ಕರುಳು ಚುರ್ರೆಂದಿತು. "ಅಲ್ಲ ನರಿರಾಯರೇ..." ಎಂದಳು.

"ಪಕ್ಷದಲ್ಲಿದ್ದುಕೊಂಡು ಅಲ್ಲ ಅಂತೀಯಾ?" ನರಿ ಹಲ್ಲು ಕಡಿದ. "ಇನ್ನು ಯಾರಾದರೂ ಅಲ್ಲ ಅಂದರೆ ಬಿಲ ಖಾಲಿ ಮಾಡಬೇಕು!"

ಚಿಗುರಮ್ಮ ಬಾಯಿ ಮುಚ್ಚಿದಳು. ಅವಳ ಬಿಲದಲ್ಲೂ ಹಾಲು ಕುಡಿಯುವ ಮರಿಗಳಿದ್ದವು.

ನರಿರಾಯ ಮಾತಿನ ಭರದಲ್ಲಿ ಕೈ ಬೀಸುತ್ತಾ ಹಿಂದೆ ಹಿಂದೆ ಹೆಜ್ಜೆ ಇಟ್ಟ. ಕಾಲಿಗೆ ತಣ್ಣಗೆ ಏನೋ ತಾಗಿತು. "ನನ್ನ ಹಿಂದೆ ನೆಲ ಗಟ್ಟಿ ಇದೆ ತಾನೇ?" ಎಂದ.

"ಹೌದು! ಹೌದು!"

ಪಚಕ್! ನರಿ ಸೊಂಟದವರೆಗೆ ಕೆಸರಿನಲ್ಲಿ ಹೂತುಹೋದ. "ಅಯ್ಯೋ, ಮುಳುಗುತ್ತಿದ್ದೇನೆ!"

"ಹೌದು! ಹೌದು!" ಪಕ್ಷ ಇನ್ನೂ ಜೋರಾಗಿ ಕೂಗಿತು.

ಕೊನೆಗೆ ಆ ಹಕ್ಕಿಯೇ ಹಾರಿಬಂತು. "ಎಡಕ್ಕೆ ತಿರುಗು! ಅಲ್ಲೊಂದು ಬೇರು ಇದೆ, ಕಚ್ಚಿ ಹಿಡಿ!" ಎಂದಿತು. ನರಿ ಬೇರು ಕಚ್ಚಿಕೊಂಡು ಹೇಗೋ ಮೇಲೆ ಬಂದ. ಮೀಸೆಯಿಂದ ಬಾಲದವರೆಗೆ ಬರೀ ಕೆಸರು.

"ಗುಂಡಿ ಇದೆ ಅಂತ ಒಬ್ಬರಾದರೂ ಹೇಳಬಾರದಿತ್ತೇ?" ಎಂದು ಗುಡುಗಿದ.

"ಹೇಳುವ ಬಾಯನ್ನು ನೀವೇ ಮುಚ್ಚಿಸಿದಿರಲ್ಲ" ಎಂದಳು ಚಿಗುರಮ್ಮ. "ನಾನು ಬಿಲದ ಪಕ್ಷದಲ್ಲೇ ಹುಟ್ಟಿದವಳು, ಅಲ್ಲೇ ಸಾಯುವವಳು. ಆದರೆ ಈ ಹಕ್ಕಿಯನ್ನು ಓಡಿಸುವುದು ತಪ್ಪು." ಹೀಗೆಂದವಳೇ ಒಬ್ಬಳೇ ಹೋಗಿ ಮರದ ಎಡಗಡೆ ನಿಂತಳು.

ಆಮೇಲೆ ಮುದಿ ಇಲಿಯೊಂದು ಕುಂಟುತ್ತಾ ಅವಳ ಪಕ್ಕಕ್ಕೆ ಬಂತು. ಉಳಿದ ಮೊಲಗಳು ಬಂದವು. ಕೊಂಬೆಯ ಪಕ್ಷದವರೂ ಇಳಿದು ಬಂದರು. ಬಲಗಡೆ ನರಿರಾಯ ಒಬ್ಬನೇ ಉಳಿದ. ಹಕ್ಕಿ ಮಾತ್ರ ಅಲ್ಲಿ ನಿಲ್ಲಲಿಲ್ಲ. ಮರಿಗಳಿಗೆ ಊಟದ ಹೊತ್ತಾಗಿತ್ತು, ಗೂಡಿಗೆ ಹಾರಿತು.

ನೀತಿ: ಪಕ್ಷಕ್ಕೆ ನಿಷ್ಠೆ ಇರಲಿ, ತಪ್ಪನ್ನು ತಪ್ಪು ಎನ್ನುವ ನಾಲಿಗೆಯೂ ಇರಲಿ. ಹೌದಪ್ಪಗಳನ್ನೇ ಕಟ್ಟಿಕೊಂಡವನಿಗೆ ಗುಂಡಿ ತಪ್ಪದು.